ಅಗ್ಗದ ಎಲೆಕ್ಟ್ರಿಕ್ ಗಿಟಾರ್: ಬಿಚ್ಚಿ, ಅಳೆದು, ಸರಿಪಡಿಸಿದ ಏಳು ದಿನಗಳ ದಾಖಲೆ

ಗಿಟಾರ್ ಸ್ಟ್ರಾಟೊಕ್ಯಾಸ್ಟರ್ ಆಕಾರದ್ದು, ಕೆಳಬೆಲೆಯ ವರ್ಗದ್ದು, ಹೊಸದು. ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿ), ಆರು ಸ್ಕ್ರೂಗಳ ಟ್ರೆಮೊಲೊ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿದು, ಕೈ ಒತ್ತಿದಾಗ ಶ್ರುತಿ ಇಳಿಸುವ ಭಾಗ), ಮೇಪಲ್ ನೆಕ್ (ಉದ್ದನೆಯ ಕತ್ತು), 22 ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ), 648 ಮಿ.ಮೀ. ಸ್ಕೇಲ್ (ತಂತಿಯ ಮಿಡಿಯುವ ಭಾಗದ ಉದ್ದ). ದೂರುಗಳು ಎರಡು: ಶ್ರುತಿ ನಿಲ್ಲುವುದಿಲ್ಲ, ಕೈ ಮೇಲೆ ಕೆಳಗೆ ಜಾರಿಸಿದರೆ ಫ್ರೆಟ್ ತುದಿ ಗೀರುತ್ತದೆ. ಇಂಥ ಗಿಟಾರಿಗೆ ಎಲ್ಲರೂ ಕೊಡುವ ಸಲಹೆ ಒಂದೇ, ಟ್ಯೂನರ್ (ತಂತಿ ಬಿಗಿಯುವ ತಿರುಪು) ಬದಲಿಸಿ, ಬ್ರಿಡ್ಜ್ ಬದಲಿಸಿ, ಪಿಕಪ್ ಬದಲಿಸಿ. ಮೂರನ್ನೂ ಬದಲಿಸಿದರೆ ಖರ್ಚು ಗಿಟಾರಿನ ಬೆಲೆಯನ್ನೇ ಮುಟ್ಟುತ್ತದೆ. ಹಾಗಾಗಿ ಮೊದಲು ಅಳತೆ, ಆಮೇಲೆ ತೀರ್ಪು ಎಂಬ ಕ್ರಮ ಹಿಡಿದು ಮಾಡಿದ ಕೆಲಸ ಇದು.

ಬಳಸಿದ ಉಪಕರಣ: 0.02 ಮಿ.ಮೀ.ವರೆಗೆ ಓದುವ ಕ್ಯಾಲಿಪರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು), ಉಕ್ಕಿನ ಅಳತೆಪಟ್ಟಿ, ಫ್ರೆಟ್ ರಾಕರ್ (ಎತ್ತರದ ಫ್ರೆಟ್ ಪತ್ತೆಹಚ್ಚುವ ನೇರ ತುಂಡು), 1.5 ಮತ್ತು 4 ಮಿ.ಮೀ. ಅಲೆನ್ ಕೀ, 10 ಮಿ.ಮೀ. ಸ್ಪ್ಯಾನರ್, ಪಿಎಚ್1 ಮತ್ತು ಪಿಎಚ್2 ಸ್ಕ್ರೂಡ್ರೈವರ್, ಮಲ್ಟಿಮೀಟರ್, 40 ವ್ಯಾಟ್ ಬೆಸುಗೆ ಕಡ್ಡಿ, ಸಣ್ಣ ಅಯಸ್ಕಾಂತ, ಗ್ಯಾಸ್ ವೆಲ್ಡಿಂಗ್ ನಾಝಲ್ ಶುಚಿಮಾಡುವ ತೆಳು ಅರಗಳ ಗೊಂಚಲು, ಮಾಸ್ಕಿಂಗ್ ಟೇಪ್, 400ರಿಂದ 2000ದವರೆಗಿನ ಉಪ್ಪುಕಾಗದ.

ಪದದ ಬಗ್ಗೆ ಒಂದು ಮಾತು. ಕೆಳಗೆ ಬರೀ ‘ನಟ್’ ಎಂದಿದ್ದರೆ ಅದು ಹೆಡ್‌ಸ್ಟಾಕ್ (ನೆಕ್ ತುದಿಯಲ್ಲಿ ಟ್ಯೂನರ್ ಇರುವ ಭಾಗ) ಬುಡದಲ್ಲಿ ತಂತಿಗಳು ಹಾಯುವ ಬಿಳಿ ಪಟ್ಟಿ. ಸ್ಪ್ಯಾನರಿನಿಂದ ಬಿಗಿಮಾಡುವುದನ್ನು ‘ಹೆಕ್ಸ್ ನಟ್’ ಎಂದೇ ಕರೆದಿದೆ.

ದಿನ 1: ಏನನ್ನೂ ಮುಟ್ಟುವ ಮೊದಲು

ತಂತಿ ಸಡಿಲಿಸಿದರೆ ಮೂಲ ಸ್ಥಿತಿ ಮತ್ತೆ ಸಿಗುವುದಿಲ್ಲ. ಆದ್ದರಿಂದ ಸರಿಯಾದ ಶ್ರುತಿಗೆ ತಂದು, ಅರ್ಧ ಗಂಟೆ ಬಿಟ್ಟು, ಅಳತೆ ಬರೆದುಕೊಂಡದ್ದು ಮೊದಲ ಕೆಲಸ. ತಂತಿ 9-42 ಸೆಟ್, ಅಂದರೆ ಅತಿ ತೆಳುವಾದ 1ನೇ ತಂತಿ 0.009 ಇಂಚು, ಅತಿ ದಪ್ಪದ 6ನೇ ತಂತಿ 0.042 ಇಂಚು.

ನೆಕ್ ಬಾಗು: ಮೊದಲ ಫ್ರೆಟ್ ಮೇಲೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್), ಕೊನೆಯ ಫ್ರೆಟ್ ಬೆರಳಲ್ಲಿ ಒತ್ತಿ, 8ನೇ ಫ್ರೆಟ್ ಮೇಲಿನ ಸಂದು 0.50 ಮಿ.ಮೀ. ಬೇಕಾದದ್ದು 0.25ರ ಆಸುಪಾಸು.

ತಂತಿಯ ಎತ್ತರ, 12ನೇ ಫ್ರೆಟ್‌ನಲ್ಲಿ: 6ನೇ ತಂತಿ 2.8, 1ನೇ ತಂತಿ 2.2 ಮಿ.ಮೀ.

ಮೊದಲ ಫ್ರೆಟ್ ಮೇಲೆ, ಏನೂ ಒತ್ತದೆ: 6ನೇ ತಂತಿ 1.0, 1ನೇ ತಂತಿ 0.7 ಮಿ.ಮೀ. ಎರಡೂ ಹೆಚ್ಚು. 0.5ರ ಆಸುಪಾಸಿಗೆ ಬಂದರೆ ಸಾಕು.

ಕೊನೆಯ ಫ್ರೆಟ್ ಬಳಿ ತಂತಿಯಿಂದ ಫಿಂಗರ್‌ಬೋರ್ಡ್ ಅಂಚಿಗೆ: 6ನೇ ತಂತಿ ಕಡೆ 4.1, 1ನೇ ತಂತಿ ಕಡೆ 2.3 ಮಿ.ಮೀ. ನೆಕ್ ಓರೆಯಾಗಿ ಕೂತಿದೆ ಎಂದರ್ಥ. ಇದನ್ನು ಕಣ್ಣಳತೆಗೆ ಬಿಟ್ಟರೆ ತಪ್ಪುತ್ತದೆ. ಪಿಕ್‌ಗಾರ್ಡ್ (ಬಾಡಿಯ ಮೇಲಿನ ಪ್ಲಾಸ್ಟಿಕ್ ಹಲಗೆ) ಗೆರೆ, ಪಿಕಪ್ ಕವಚ ಎಲ್ಲವೂ ಸೇರಿ ಕಣ್ಣಿಗೆ ಮೋಸ ಮಾಡುತ್ತವೆ.

ಆಮೇಲೆ ಶ್ರುತಿಯ ಪರೀಕ್ಷೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹಣ ಉಳಿಸಿದ್ದು ಈ ಹತ್ತು ನಿಮಿಷ. ಮೂರನೇ ತಂತಿಯನ್ನು ಶ್ರುತಿ ಮಾಡಿ, 12ನೇ ಫ್ರೆಟ್‌ನಲ್ಲಿ ಒಂದು ಸ್ವರದಷ್ಟು ಎಳೆದು ಬಿಟ್ಟಾಗ ಶ್ರುತಿ ಇಳಿಯಿತು. ನಟ್ ಮತ್ತು ಟ್ಯೂನರ್ ನಡುವಿನ ತುಂಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಮತ್ತೆ ಮೇಲೆ ಬಂತು. ಟ್ರೆಮೊಲೊ ಕೈಯನ್ನು ಒತ್ತಿ ಬಿಟ್ಟಾಗ ಅದೇ ತಂತಿ ಶ್ರುತಿ ಏರಿತು. ಟ್ಯೂನರ್ ಜಾರುತ್ತಿದ್ದರೆ ಶ್ರುತಿ ಯಾವಾಗಲೂ ಇಳಿಯಬೇಕೇ ಹೊರತು ಏರುವುದು ಸಾಧ್ಯವಿಲ್ಲ. ಒಮ್ಮೆ ಇಳಿದು ಒಮ್ಮೆ ಏರುತ್ತಿದ್ದರೆ ತಂತಿ ಎಲ್ಲೋ ಹಿಡಿದುಕೊಳ್ಳುತ್ತಿದೆ. ಹಿಡಿಯುವ ಜಾಗ ನಟ್. ಟ್ಯೂನರ್ ತಿರುಗಿಸುವಾಗ ‘ಟಿಣ್’ ಎಂದು ಸಿಡಿಯುವ ಸದ್ದು ಬಂದರೆ ಅದೂ ಇದರದೇ ಗುರುತು. 3 ಮತ್ತು 4ನೇ ತಂತಿಗಳಲ್ಲಿ ಸ್ಪಷ್ಟವಾಗಿ ಕೇಳಿಸಿತು.

ದಿನ 2: ಟ್ಯೂನರ್

ಟ್ಯೂನರ್‌ಗಳು ಮುಚ್ಚಿದ ಡೈಕಾಸ್ಟ್ ಬಗೆಯವು. ಮೇಲ್ನೋಟಕ್ಕೆ ಕ್ರೋಮ್ ಚೆನ್ನಾಗಿತ್ತು, ಆದರೆ ಹೊಳಪು ಒಳಗಿನ ಗೇರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ನೋಡಬೇಕಾದದ್ದು ನಾಲ್ಕು.

ಗುಂಡಿಯನ್ನು ಹಿಂದೆ ಮುಂದೆ ಆಡಿಸಿದಾಗ ಕಂಬ ತಿರುಗುವ ಮೊದಲು ಎಷ್ಟು ಖಾಲಿ ಸುತ್ತುತ್ತದೆ? ಎರಡರಲ್ಲಿ ಸ್ವಲ್ಪ ಹೆಚ್ಚಿತ್ತು. ಇದು ದೊಡ್ಡ ದೋಷವಲ್ಲ. ತಂತಿಯ ಎಳೆತ ಗೇರನ್ನು ಒಂದೇ ಕಡೆಗೆ ಒತ್ತಿಟ್ಟಿರುತ್ತದೆ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತಂದು ನಿಲ್ಲಿಸಿದರೆ ಆ ಸಡಿಲ ಲೆಕ್ಕಕ್ಕೆ ಬರುವುದಿಲ್ಲ.

ಕಂಬವನ್ನು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರೆ ಅಲುಗುತ್ತದೆಯೇ? ಇದು ಮುಖ್ಯ. ಅಲುಗಿದ ಮೂರರಲ್ಲೂ ಕಾರಣ ಒಂದೇ: ಮುಂಭಾಗದ ಹೆಕ್ಸ್ ನಟ್ ಸಡಿಲವಾಗಿತ್ತು, ಒಂದಂತೂ ಬೆರಳಿನಲ್ಲೇ ತಿರುಗಿತು. ಮರ ಒಣಗಿ ಕುಗ್ಗಿದಾಗ ಹೊಸ ಗಿಟಾರಿನಲ್ಲಿ ಇದು ಸಾಮಾನ್ಯ. 10 ಮಿ.ಮೀ. ಸ್ಪ್ಯಾನರಿನಿಂದ, ಹಿಡಿಯ ತುದಿ ಹಿಡಿಯದೆ ತಲೆಯ ಹತ್ತಿರವೇ ಹಿಡಿದು, ತಡೆ ಸಿಕ್ಕ ಮೇಲೆ ಎಂಟನೇ ಒಂದು ಸುತ್ತು ಮಾತ್ರ. ಹೆಚ್ಚು ಬಿಗಿದರೆ ವಾಷರ್ ಕೆಳಗಿನ ಪಾಲಿಶ್ ನಕ್ಷತ್ರದಂತೆ ಸೀಳುತ್ತದೆ.

ಕಂಬದ ತೂತಿನ ಅಂಚು ಚೂಪಾಗಿದೆಯೇ? 1ನೇ ತಂತಿಯ ಕಂಬದಲ್ಲಿ ಚೂಪಾದ ಮುಳ್ಳು ಇತ್ತು. ತೆಳು ಅರದಿಂದ ಆರೇಳು ಬಾರಿ ಉಜ್ಜಿದ್ದಕ್ಕೆ ಹೋಯಿತು. ತಂತಿ ಯಾವಾಗಲೂ ಕಂಬದ ಬಳಿಯೇ ತುಂಡಾಗುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಹಿಂಬದಿಯ ಪುಟ್ಟ ಸ್ಕ್ರೂ ನೇರವಿದೆಯೇ? ಆರರಲ್ಲಿ ಎರಡು ಓರೆ. ಕಾರ್ಖಾನೆಯಲ್ಲಿ ಮಾರ್ಗದರ್ಶಿ ತೂತು ಕೊರೆಯದೆ ತಿರುಗಿಸಿದರೆ ಹೀಗಾಗುತ್ತದೆ. ನೋಟಕ್ಕೆ ಕೊರತೆ, ಕೆಲಸಕ್ಕೆ ಇಲ್ಲ. ಟ್ಯೂನರನ್ನು ತಿರುಗದಂತೆ ತಡೆಯುವುದಷ್ಟೇ ಅದರ ಕೆಲಸ.

ಇಲ್ಲಿ ಆದ ತಪ್ಪು: ಅಳತೆ ಮುಗಿಯುವ ಮೊದಲೇ ಬೇರೆ ಟ್ಯೂನರ್ ಸೆಟ್ ತರಿಸಿ ಆಗಿತ್ತು. ಈ ಗಿಟಾರಿನ ತೂತು 10 ಮಿ.ಮೀ. ಹೊಸ ಸೆಟ್ ಹಳೆಯ ಶೈಲಿಯ ಸುಮಾರು 8.7 ಮಿ.ಮೀ. ತೂತಿಗೆ ಮಾಡಿದ್ದು. ಸೇರಿಸಬೇಕೆಂದರೆ ದಪ್ಪ ಬುಶಿಂಗ್ ಬೇಕು, ಹಿಂಬದಿಯ ಸ್ಕ್ರೂ ಜಾಗವೂ ಬೇರೆ, ಅಂದರೆ ಹೆಡ್‌ಸ್ಟಾಕಿಗೆ ಹೊಸ ತೂತುಗಳು. ವಾಪಸ್ ಹೋಯಿತು. ತೂತಿನ ವ್ಯಾಸ, ಹೆಡ್‌ಸ್ಟಾಕ್ ದಪ್ಪ, ಹಿಂಬದಿ ಸ್ಕ್ರೂ ಇರುವ ಕೋನ, ಈ ಮೂರನ್ನು ಅಳೆಯದೆ ಟ್ಯೂನರ್ ತರಿಸಬಾರದು. ಇಲ್ಲಿ ಬದಲಿಸುವ ಅಗತ್ಯವೂ ಇರಲಿಲ್ಲ.

ದಿನ 3: ನಟ್

ಟ್ಯೂನರಿನ ತಲೆಗೆ ಕಟ್ಟಿದ ದೋಷದ ನಿಜವಾದ ಜಾಗ ಇದು.

ನಟ್ ಅಚ್ಚಿನ ಪ್ಲಾಸ್ಟಿಕ್, ಅಗಲ 42 ಮಿ.ಮೀ., ದಪ್ಪ 3.4 ಮಿ.ಮೀ. ಪಕ್ಕದಲ್ಲಿ ಅಂಟಿನ ಸೋರಿಕೆ ಒಣಗಿ ಹೊಳೆಯುತ್ತಿತ್ತು. ಆ ಅಂಟನ್ನು ಕಂಡ ಕೂಡಲೇ ಚಾಕು ಹಾಕಬಾರದು, ಪಾಲಿಶ್ ಕೂಡ ಎದ್ದುಬರುತ್ತದೆ. ನಟ್ ತೆಗೆಯುವ ಉದ್ದೇಶವಿಲ್ಲದಿದ್ದರೆ ಬಿಟ್ಟುಬಿಡಿ.

ತಂತಿಗಳ ದಪ್ಪ ಮಿಲಿಮೀಟರಿನಲ್ಲಿ, 1ರಿಂದ 6ರವರೆಗೆ: 0.23, 0.28, 0.41, 0.61, 0.81, 1.07. ತಂತಿ ಕೂರುವ ಗಾಡಿಯ (ಕೊರೆದ ಸೀಳಿನ) ಅಗಲ ಇದಕ್ಕಿಂತ 0.05ರಿಂದ 0.1 ಮಿ.ಮೀ. ಹೆಚ್ಚಿರಬೇಕು. ಕಿರಿದಾದರೆ ತಂತಿಯನ್ನು ಕಚ್ಚುತ್ತದೆ, ಅಗಲವಾದರೆ ತಂತಿ ಪಕ್ಕಕ್ಕೆ ಅಲ್ಲಾಡಿ ಜುಯ್ಯೆನ್ನುತ್ತದೆ. ಗಾಡಿಯ ತಳ ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿರಬೇಕು. ತಂತಿ ಹೊರಡುವ ಬಿಂದು ಫಿಂಗರ್‌ಬೋರ್ಡಿನ ಕಡೆಯ ಅಂಚು. ಇಳಿಜಾರು ಉಲ್ಟಾ ಆದರೆ ತಂತಿ ನಟ್‌ನ ಹಿಂಬದಿಯಲ್ಲಿ ಕೂತು ಸಿತಾರಿನಂತೆ ಝೇಂಕರಿಸುತ್ತದೆ, ಇಂಟೊನೇಷನ್ (ಪ್ರತಿ ಫ್ರೆಟ್ಟಿನಲ್ಲೂ ಸ್ವರ ಸರಿಯಾಗಿ ಬರುವುದು) ಕೂಡ ಕೆಡುತ್ತದೆ. ಇಲ್ಲಿ 3 ಮತ್ತು 4ನೇ ಗಾಡಿಗಳು ಕಿರಿದು, ಆರೂ ಎತ್ತರ.

ಕ್ರಮ: ನೆಕ್ ಬಾಗನ್ನು ಮೊದಲು ಸರಿಪಡಿಸಿ, ಆಮೇಲೆ ನಟ್. ನೆಕ್ ಒಳಗೆ ಬಾಗು ಸರಿಪಡಿಸುವ ಸರಳು, ಅಂದರೆ ಟ್ರಸ್ ರಾಡ್‌ಗೆ 4 ಮಿ.ಮೀ. ಅಲೆನ್ ಕೀ ಕೂತಿತು. ಗಡಿಯಾರದ ದಿಕ್ಕಿಗೆ ಕಾಲು ಸುತ್ತು, ಹತ್ತು ನಿಮಿಷ ಬಿಟ್ಟು ಅಳತೆ, ಮತ್ತೆ ಎಂಟನೇ ಒಂದು ಸುತ್ತು. ಬಾಗು 0.28ಕ್ಕೆ ಬಂತು. ಕೀ ಸಡಿಲವಾಗಿ ಕೂತರೆ ತಿರುಗಿಸಲೇಬೇಡಿ. ಇಂಚಿನ ಕೀಯನ್ನು ಮಿಲಿಮೀಟರ್ ತಲೆಗೆ ಹಾಕಿ ಮೂಲೆಗಳನ್ನು ಸವೆಸಿದರೆ ಆಮೇಲೆ ದುರಸ್ತಿ ನೆಕ್‌ನ ಬೆಲೆಯಷ್ಟಾಗುತ್ತದೆ.

ಗಾಡಿ ಆಳ ಮಾಡಲು ವೆಲ್ಡಿಂಗ್ ನಾಝಲ್ ಅರಗಳೇ ಸಾಕಾದವು. ಪ್ರತಿಯೊಂದನ್ನೂ ಕ್ಯಾಲಿಪರಿನಲ್ಲಿ ಅಳೆದು, ತಂತಿಗಿಂತ ಒಂದು ಮಟ್ಟ ದಪ್ಪದ್ದನ್ನು ಆರಿಸಿಕೊಳ್ಳುವುದು. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, ಹೆಡ್‌ಸ್ಟಾಕ್ ಕಡೆಗೆ ತುಸು ಇಳಿಸಿ ಹಿಡಿದು, ಮೂರು ಉಜ್ಜು, ತಂತಿ ವಾಪಸ್, ಶ್ರುತಿ, ಅಳತೆ. ಪರೀಕ್ಷೆ ಸುಲಭ: ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಏನೂ ಕಾಣದಿದ್ದರೆ ಹೆಚ್ಚೇ ಆಳವಾಗಿದೆ.

ತಪ್ಪು ಆದದ್ದು ಮೂರನೇ ತಂತಿಯಲ್ಲಿ. 4, 5, 6 ಸರಾಗವಾಗಿ ಬಂದವು ಎಂದು ಇಲ್ಲಿ ಅಳತೆಯಿಲ್ಲದೆ ಎಂಟು ಉಜ್ಜು ಒಟ್ಟಿಗೆ ಹಾಕಲಾಯಿತು. ಪ್ಲಾಸ್ಟಿಕ್ ಮೆತ್ತಗೆ, ತೆಳು ಅರ ಅದನ್ನು ಬೆಣ್ಣೆಯಂತೆ ಕತ್ತರಿಸುತ್ತದೆ. ಮೊದಲ ಫ್ರೆಟ್ ಮೇಲಿನ ಅಂತರ 0.15ಕ್ಕೆ ಇಳಿದು ಖಾಲಿ ತಂತಿ ಫ್ರೆಟ್ಟಿಗೆ ತಾಗತೊಡಗಿತು. ದುರಸ್ತಿ: ನಟ್‌ನ ತುದಿಯಿಂದಲೇ ಕೆರೆದ ಪ್ಲಾಸ್ಟಿಕ್ ಪುಡಿಯನ್ನು ಗಾಡಿಗೆ ತುಂಬಿ, ಸೂಜಿಯ ತುದಿಯಲ್ಲಿ ಒಂದೇ ಹನಿ ತೆಳು ಸೂಪರ್ ಗ್ಲೂ. ಎರಡೂ ಪಕ್ಕದಲ್ಲಿ ಟೇಪ್ ಇಲ್ಲದಿದ್ದರೆ ಗ್ಲೂ ಫಿಂಗರ್‌ಬೋರ್ಡಿಗೆ ಹರಿಯುತ್ತದೆ. ರಾತ್ರಿಯಿಡೀ ಬಿಟ್ಟು ಮತ್ತೆ ಗಾಡಿ ಕೊರೆದು 0.45ಕ್ಕೆ ನಿಲ್ಲಿಸಲಾಯಿತು. ಇದು ಕೆಲ ಕಾಲ ನಡೆಯುತ್ತದೆ, ಶಾಶ್ವತವಲ್ಲ. ಮುಂದೆ ಮೂಳೆಯ ನಟ್ ಹಾಕುವಾಗ ಬೇಕಾಗುತ್ತದೆಂದು ಮೇಲಿನ ಅಳತೆಗಳನ್ನು ಬರೆದಿಟ್ಟಿದೆ.

ಕೊನೆಗೆ ಮೆತ್ತನೆಯ ಪೆನ್ಸಿಲ್ ಸೀಸವನ್ನು ಗಾಡಿಗಳಿಗೆ ಮತ್ತು ತಂತಿಗಳನ್ನು ಕೆಳಗೆ ಹಿಡಿಯುವ ಸ್ಟ್ರಿಂಗ್ ಟ್ರೀಯ ಅಡಿಗೆ ಸವರಿ ತಂತಿ ಕಟ್ಟಿದೆ. ಮೊದಲ ದಿನದ ಅದೇ ಎಳೆತದ ಪರೀಕ್ಷೆ: ಮೂರನೇ ತಂತಿ ಹತ್ತು ಬಾರಿ ಎಳೆದರೂ ಶ್ರುತಿ ಅಳೆಯುವ ಮಾಪಕದ ಸೂಜಿ ಹಸಿರಿನಲ್ಲೇ ನಿಂತಿತು. ಖರ್ಚು: ಅರಗಳ ಗೊಂಚಲು, ಒಂದು ಹನಿ ಗ್ಲೂ.

ದಿನ 4: ಬ್ರಿಡ್ಜ್

ಬ್ರಿಡ್ಜಿನ ಲೋಹವನ್ನು ಹೊಳಪಿನಿಂದ ಅಲ್ಲ, ಅಯಸ್ಕಾಂತದಿಂದ ತೂಗಿ. ತಳದ ತಗಡಿಗೆ ಅಂಟಿತು, ಉಕ್ಕು. ತಂತಿಗಳು ಕೂರುವ ಮಡಚಿದ ಸ್ಯಾಡಲ್‌ಗಳಿಗೂ ಅಂಟಿತು. ಕೆಳಗೆ ತೂಗುವ ಬ್ಲಾಕಿಗೆ ಅಂಟಲಿಲ್ಲ. ಆ ಬೂದು ಬಣ್ಣ, ಅಚ್ಚಿನ ಗೆರೆ ಎರಡೂ ಸೇರಿ ಸತುವಿನ ಮಿಶ್ರಲೋಹ ಎಂದು ಹೇಳುತ್ತವೆ. ಹಿತ್ತಾಳೆಗೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಅದರ ಹಳದಿ ಗೀರಿದ ಕಡೆ ಕಾಣುತ್ತದೆ.

ಸತುವಿನ ಬ್ಲಾಕನ್ನು ಉಕ್ಕಿನ ದಪ್ಪ ಬ್ಲಾಕಿಗೆ ಬದಲಿಸುವುದು ಎಲ್ಲರಿಗೂ ಆಸೆಯ ಕೆಲಸ. ಇಲ್ಲಿ ಅದು ಕೂರುವುದಿಲ್ಲ. ಬಾಡಿಯ ದಪ್ಪ 40 ಮಿ.ಮೀ. ಪೂರ್ಣ ಅಳತೆಯ ಸ್ಟ್ರಾಟೊಕ್ಯಾಸ್ಟರ್ ಸುಮಾರು 45 ಮಿ.ಮೀ. ಇರುತ್ತದೆ, ಅದಕ್ಕಾಗಿ ಮಾಡಿದ ಬ್ಲಾಕ್ ಈ ಗಿಟಾರಿನ ಹಿಂಬದಿಯಿಂದ ಹೊರಗೆ ಇಣುಕುತ್ತದೆ. ಇನ್ನೊಂದು ಅಡ್ಡಿ ಸ್ಕ್ರೂ ಅಂತರದ್ದು. ಮೊದಲ ಮತ್ತು ಆರನೇ ಸ್ಕ್ರೂಗಳ ಮಧ್ಯದಿಂದ ಮಧ್ಯಕ್ಕೆ 52.5 ಮಿ.ಮೀ. ಬಂತು. ಅಮೆರಿಕನ್ ಹಳೆಯ ಅಳತೆ 56 ಮಿ.ಮೀ.ಗಿಂತ ತುಸು ಹೆಚ್ಚು. ಈ ಎರಡರ ನಡುವೆ 54 ಮಿ.ಮೀ.ನದೂ ಇದೆ. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಆರು ತೂತು ಮುಚ್ಚಿ ಆರು ಹೊಸ ತೂತು ಕೊರೆಯುವ ಕೆಲಸ ಈ ಬಾಡಿಯ ಮೆತ್ತನೆಯ ಮರಕ್ಕೆ ಒಳ್ಳೆಯದಲ್ಲ. ಬದಲಾವಣೆ ಬೇಡ ಎಂದು ತೀರ್ಮಾನ.

ಹೊಂದಿಸಿದ್ದು ಹೀಗೆ. ಆರೂ ಸ್ಕ್ರೂಗಳು ತಗಡಿನ ಮೇಲೆ ಬಲವಾಗಿ ಕೂತಿದ್ದವು, ಹಾಗಾದರೆ ಬ್ರಿಡ್ಜ್ ತಿರುಗುವುದಿಲ್ಲ, ಮರವನ್ನು ಕೀಳುತ್ತದೆ. ಹೊರಗಿನ ಎರಡನ್ನು ತಗಡಿಗೆ ತಾಗಿಯೂ ತಾಗದಷ್ಟು ಬಿಟ್ಟು, ಒಳಗಿನ ನಾಲ್ಕನ್ನು ಸುಮಾರು 1 ಮಿ.ಮೀ. ಮೇಲೆತ್ತಲಾಯಿತು. ಹಿಂದೆ ಮೂರು ಸ್ಪ್ರಿಂಗ್‌ಗಳಿದ್ದವು. ನಾಲ್ಕನೆಯದನ್ನು ಸೇರಿಸಿ, ಬ್ರಿಡ್ಜ್ ಬಾಡಿಗೆ ಒರಗಿ ಕೂರುವಂತೆ, ಸ್ಪ್ರಿಂಗ್ ತುದಿಗಳನ್ನು ಹಿಡಿಯುವ ಕ್ಲಾ ತಗಡಿನ ಸ್ಕ್ರೂ ಬಿಗಿದದ್ದು. ತೇಲುವ ಬ್ರಿಡ್ಜ್ ಬೇಕೆನ್ನುವವರು ಮೂರಕ್ಕೇ ನಿಲ್ಲಿಸಬಹುದು, ಆದರೆ ಒಂದು ತಂತಿ ತುಂಡಾದರೆ ಉಳಿದ ಐದರ ಶ್ರುತಿಯೂ ಹೋಗುತ್ತದೆ. ಅಭ್ಯಾಸದ ಗಿಟಾರಿಗೆ ಒರಗಿದ ಬ್ರಿಡ್ಜೇ ಒಳ್ಳೆಯದು.

ಸ್ಯಾಡಲಿನ ಎತ್ತರದ ಸ್ಕ್ರೂಗಳು 1.5 ಮಿ.ಮೀ. ಅಲೆನ್ ಕೀಗೆ. 12ನೇ ಫ್ರೆಟ್‌ನಲ್ಲಿ 6ನೇ ತಂತಿ 2.0, 1ನೇ ತಂತಿ 1.6ಕ್ಕೆ ಇಳಿಸಿದ ಮೇಲೆ ಹೊರಗಿನ ಸ್ಯಾಡಲ್‌ಗಳ ಸ್ಕ್ರೂ ತಲೆಗಳು ಮೇಲೆ ಚಾಚಿ ಅಂಗೈಗೆ ಚುಚ್ಚತೊಡಗಿದವು. 8 ಮಿ.ಮೀ. ಉದ್ದದ ಎಂ3 ಸ್ಕ್ರೂಗಳ ಬದಲು 6 ಮಿ.ಮೀ. ಬೇಕು. ಅಗ್ಗದ ಬ್ರಿಡ್ಜ್ ‘ಒರಟು’ ಎನಿಸುವುದು ಬಹುಪಾಲು ಈ ನಾಲ್ಕು ಸ್ಕ್ರೂಗಳಿಂದಲೇ.

ಟ್ರೆಮೊಲೊ ಕೈ ತೂತಿನಲ್ಲಿ ಗಡಗಡ ಎನ್ನುತ್ತಿತ್ತು. ಎಂ6 ಥ್ರೆಡ್ಡಿಗೆ ನಲ್ಲಿ ಕೆಲಸದ ಟೆಫ್ಲಾನ್ ಟೇಪ್ ಎರಡು ಸುತ್ತು. ಮೂರು ಸುತ್ತಿದರೆ ಕೈ ಒಳಗೆ ಹೋಗುವುದಿಲ್ಲ, ಟೇಪ್ ಗಂಟಾಗಿ ತಳಕ್ಕೆ ಬೀಳುತ್ತದೆ.

ಲೇಪದ ಬಗ್ಗೆ. ಬ್ರಿಡ್ಜ್ ತಗಡಿನ ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕ ಎರಡು ಗುಳ್ಳೆಗಳಿದ್ದವು. ಗುಳ್ಳೆಯೆಂದರೆ ಕ್ರೋಮ್ ಕೆಳಗಿನ ಲೋಹದಿಂದ ಬಿಟ್ಟಿದೆ. ಬೆವರು ಒಳಗೆ ಹೋದಂತೆ ಅದು ಹರಡುತ್ತದೆ, ಮನೆಯಲ್ಲಿ ದುರಸ್ತಿ ಇಲ್ಲ. ಉಜ್ಜುವ ಪಾಲಿಶ್ ಹಾಕಿದರೆ ತೆಳು ಕ್ರೋಮ್ ಬೇಗ ಹೋಗುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವುದೊಂದೇ ದಾರಿ. ಕಪ್ಪು ಮತ್ತು ಚಿನ್ನದ ಬಣ್ಣದ ಬಿಡಿಭಾಗಗಳಲ್ಲಿ ಅಂಗೈ ತಾಗುವ ಜಾಗ ಮೊದಲು ಸವೆಯುತ್ತದೆ. ಕೊಳ್ಳುವಾಗ ಒಂದೇ ಬೆಲೆಗೆ ಕ್ರೋಮ್ ಸಿಕ್ಕರೆ ಕ್ರೋಮ್ ಆರಿಸಿ.

ದಿನ 5: ನೆಕ್ ಕೂರುವ ಗುಳಿ, ಫ್ರೆಟ್, ಬಣ್ಣ

ಓರೆಯಾಗಿದ್ದ ನೆಕ್‌ಗೆ ಮೊದಲು ಸರಳ ಉಪಾಯ. ತಂತಿಯ ಎಳೆತ ಇರುವಾಗಲೇ ನಾಲ್ಕು ಸ್ಕ್ರೂಗಳನ್ನು ಕಾಲು ಸುತ್ತು ಸಡಿಲಿಸಿ, ನೆಕ್ಕನ್ನು 6ನೇ ತಂತಿಯ ಕಡೆಗೆ ಮೆಲ್ಲಗೆ ಎಳೆದು ಹಿಡಿದು, ಮೂಲೆಯಿಂದ ಎದುರು ಮೂಲೆಗೆ ಬಿಗಿಯುವುದು. ಎಡಬಲದ ಅಂತರ 3.2 ಮತ್ತು 3.3ಕ್ಕೆ ಬಂತು. ಗುಳಿಯ ಪಕ್ಕದಲ್ಲಿ ಸಂದು ಇದ್ದದ್ದರಿಂದಲೇ ಇದು ಸಾಧ್ಯವಾಯಿತು. ನೋಟಕ್ಕೆ ಕೊರತೆ ಎನ್ನಿಸುವ ಸಂದು ಇಲ್ಲಿ ಉಪಕಾರವಾಯಿತು. 1 ಮಿ.ಮೀ. ಮೀರಿದ್ದರೆ ಮಾತ್ರ ಚಿಂತೆ.

ಗುಳಿಯ ಮೂಲೆಯಲ್ಲಿ 12 ಮಿ.ಮೀ. ಉದ್ದದ ಸೀಳು ಗೆರೆ. ಮರ ಸೀಳಿದೆಯೋ ಬಣ್ಣ ಮಾತ್ರವೋ? ಸ್ಕ್ರೂ ಸಡಿಲಿಸಿ ಬಿಗಿಯುವಾಗ ಗೆರೆ ಬಾಯಿ ಬಿಟ್ಟು ಮುಚ್ಚಿದರೆ ಮರ, ಅಲುಗದಿದ್ದರೆ ಬಣ್ಣ. ನೆಕ್ ತೆಗೆದು ಒಳಗೋಡೆ ನೋಡಿದಾಗ ಅಲ್ಲಿ ಗೆರೆ ಇರಲಿಲ್ಲ, ಬಣ್ಣ ಮಾತ್ರ. ಬಣ್ಣದ ಪದರ ಸುಮಾರು 0.6 ಮಿ.ಮೀ. ದಪ್ಪ. ದಪ್ಪ ಪಾಲಿಯೆಸ್ಟರ್ ಪದರ ಗಾಜಿನಂತೆ, ಗಟ್ಟಿ ಆದರೆ ಮೂಲೆಯಲ್ಲಿ ಸಿಡಿಯುತ್ತದೆ. ಪಿಕಪ್ ಗುಳಿಯೊಳಗೆ ನೋಡಿದರೆ ಬಾಡಿ ಎಷ್ಟು ತುಂಡು ಮರ ಅಂಟಿಸಿ ಮಾಡಿದ್ದೆಂದು ಕಾಣುತ್ತದೆ. ಇಲ್ಲಿ ಐದು. ಗಟ್ಟಿ ಬಣ್ಣ ಹೊಡೆದ ಗಿಟಾರಿನಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮರದ ಎಳೆ ಕಾಣುವ ಪಾರದರ್ಶಕ ಪಾಲಿಶ್ ಆದರೆ ಮಾತ್ರ ಜೋಡಣೆ ಹೊಂದಿದೆಯೇ, ಮೇಲಿನದು ನಿಜವಾದ ಮರದ ಪದರವೇ ಅಥವಾ ಮುದ್ರಿತ ಚಿತ್ರವೇ ಎಂದು ನೋಡಬೇಕು. ಬಾಡಿಯ ಅಂಚಿನಲ್ಲಿ ಎಳೆ ತಿರುಗಿ ಕೆಳಗಿಳಿಯದೆ ಥಟ್ಟನೆ ನಿಂತಿದ್ದರೆ ತೆಳು ಪದರ ಅಥವಾ ಚಿತ್ರ.

ಈಗ ಫ್ರೆಟ್. ತುದಿಗಳು ಚಾಚಿದ್ದು ಲೋಹ ಬೆಳೆದದ್ದರಿಂದಲ್ಲ, ಫಿಂಗರ್‌ಬೋರ್ಡ್ ಒಣಗಿ ಅಗಲದಲ್ಲಿ ಕುಗ್ಗಿದ್ದರಿಂದ. ಅರ ಹಾಕುವ ಮೊದಲು ಮರಕ್ಕೆ ಖನಿಜ ಎಣ್ಣೆ ತೆಳುವಾಗಿ ಸವರಿ ಒಂದು ರಾತ್ರಿ ಬಿಟ್ಟು ಒರೆಸಿದ್ದು. ಬಟ್ಟೆಗೆ ಕಂದುಕಪ್ಪು ಬಣ್ಣ ಬಂತು. ಮರ ಬೀಟೆಯಲ್ಲ, ಬೀಟೆಯಂತೆ ಕಾಣಲು ಬಣ್ಣ ಹಾಕಿದ ಬೇರೆ ಮರ. 2017ರ ಜನವರಿ 2ರಿಂದ ಬೀಟೆಯ ಕುಲಕ್ಕೆ ಸೈಟ್ಸ್ (ಅಳಿವಿನಂಚಿನ ಸಸ್ಯ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ನಿಯಂತ್ರಣ ಬಂದ ಮೇಲೆ ಗಿಟಾರ್ ತಯಾರಕರು ಮತ್ತಿಯಂಥ ಮರಗಳಿಗೆ ಹೊರಳಿದರು. 2019ರ ನವೆಂಬರ್ 26ರಿಂದ ತಯಾರಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಅಗ್ಗದ ಗಿಟಾರ್‌ಗಳಲ್ಲಿ ಆ ಮರಗಳು ಉಳಿದುಕೊಂಡವು. ಮತ್ತಿ ಗಟ್ಟಿ ಮರ, ಕೆಲಸಕ್ಕೆ ಕೊರತೆಯಿಲ್ಲ. ಹಾಕಿದ ಬಣ್ಣ ಮಾತ್ರ ನೆನಪಿನಲ್ಲಿರಬೇಕು.

ನೆನಪಿನಲ್ಲಿ ಇರಲಿಲ್ಲ, ಅದೇ ಮುಂದಿನ ತಪ್ಪು. ಫ್ರೆಟ್ ತುದಿಗಳನ್ನು ತೆಳು ಅರದಿಂದ ಮಟ್ಟ ಮಾಡುವಾಗ ಮರದ ಅಂಚಿಗೆ ಟೇಪ್ ಹಾಕದೆ 5ರಿಂದ 9ನೇ ಫ್ರೆಟ್‌ವರೆಗೆ ಸಾಗಿದ್ದರಿಂದ ಅಂಚಿನ ಬಣ್ಣ ಹೋಗಿ ತೆಳು ಕಂದು ಗೆರೆ ಕಾಣಿಸಿತು. ಚರ್ಮಕ್ಕೆ ಹಾಕುವ ಕಡುಕಂದು ಬಣ್ಣವನ್ನು ಹತ್ತಿಕಡ್ಡಿಯಲ್ಲಿ ಎರಡು ಬಾರಿ ಸವರಿ ಮುಚ್ಚಲಾಯಿತು. ಹತ್ತಿರದಿಂದ ನೋಡಿದರೆ ಈಗಲೂ ಗೊತ್ತಾಗುತ್ತದೆ. ಉಳಿದ ಫ್ರೆಟ್‌ಗಳಿಗೆ ಎರಡು ಪದರ ಟೇಪ್ ಹಾಕಿ ಮಾಡಿದ್ದರಿಂದ ತೊಂದರೆಯಾಗಲಿಲ್ಲ. ಅರದ ಕೆಲಸ ಎರಡು ಹಂತ: ಮೊದಲು ತುದಿಯನ್ನು ಮರದ ಮಟ್ಟಕ್ಕೆ, ಆಮೇಲೆ ಎರಡೂ ಮೂಲೆಗಳನ್ನು ಮೂರು ಮೂರು ಉಜ್ಜಿನಲ್ಲಿ ಗುಂಡಗೆ. ಎರಡನೆಯದನ್ನು ಬಿಟ್ಟರೆ ಗೀರುವುದು ನಿಲ್ಲುವುದಿಲ್ಲ.

ಫ್ರೆಟ್ ರಾಕರಿನಲ್ಲಿ 14ನೇ ಫ್ರೆಟ್ ಮಾತ್ರ ಟಕಟಕ ಎಂದಿತು. ತುದಿಯನ್ನು ಒತ್ತಿದಾಗ ಕೆಳಗೆ ಹೋಗಿ ಮೇಲೆ ಬಂತು, ಅಂದರೆ ಗಾಡಿಯಿಂದ ಎದ್ದಿದೆ. ಇಂಥದ್ದನ್ನು ಉಜ್ಜಿ ತಗ್ಗಿಸಬಾರದು. ತೆಳು ಸೂಪರ್ ಗ್ಲೂ ಒಂದು ಹನಿ, ಮೇಲೆ ಮರದ ತುಂಡಿಟ್ಟು ಕ್ಲಾಂಪ್, ಒಂದು ಗಂಟೆ. ಆಮೇಲೆ 400, 800, 1200, 2000 ಕ್ರಮದಲ್ಲಿ ಉಪ್ಪುಕಾಗದ. ಫ್ರೆಟ್ ತಂತಿಯ ಲೋಹವನ್ನು ನಿಕ್ಕಲ್ ಸಿಲ್ವರ್ ಎಂದರೂ ಅದರಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕ್ಕಲ್, ಸತು ಮಾತ್ರ. ತಾಮ್ರ ಇರುವುದರಿಂದಲೇ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇದ್ದದ್ದು ಕಂದಿ ಒರಟಾಗುತ್ತದೆ. ಉಕ್ಕಿನ ನಾರು ಬಳಸುವವರು ಪಿಕಪ್‌ಗಳನ್ನು ಮೊದಲು ಪೂರ್ತಿ ಮುಚ್ಚಬೇಕು. ಆ ಪುಡಿ ಅಯಸ್ಕಾಂತಕ್ಕೆ ಅಂಟಿದರೆ ಟೇಪ್ ಒತ್ತಿ ಕೀಳುತ್ತಾ ಗಂಟೆ ಕಳೆಯಬೇಕಾಗುತ್ತದೆ.

ಫಿಂಗರ್‌ಬೋರ್ಡಿನ ಚುಕ್ಕಿಗಳ ಸುತ್ತ ಕಪ್ಪು ತುಂಬಿನ ಉಂಗುರ, ಬದಿಯ ಚುಕ್ಕಿಗಳಲ್ಲಿ ಒಂದು ಅರ್ಧ ಮಿಲಿಮೀಟರ್ ಸರಿದದ್ದು, ಲೋಗೊ ಪಾಲಿಶ್ ಮೇಲೆ ಅಂಟಿಸಿದ್ದು: ಮೂರೂ ನೋಟದ ವಿಷಯ. ಹಾಗೇ ಬಿಟ್ಟಿದೆ.

ದಿನ 6: ಪಿಕ್‌ಗಾರ್ಡ್ ಕೆಳಗೆ

11 ಸ್ಕ್ರೂಗಳ, ಮೂರು ಪದರದ ಪಿಕ್‌ಗಾರ್ಡ್. ಒಂದು ಸ್ಕ್ರೂ ತೂತು ಸವೆದು ತಿರುಗುತ್ತಲೇ ಇತ್ತು, ಜ್ಯಾಕ್ ತಗಡಿನ ಒಂದು ಮತ್ತು ಬೆಲ್ಟ್ ಗುಂಡಿಯ ಒಂದು ಹಾಗೆಯೇ. ಮೂರಕ್ಕೂ ಹಲ್ಲುಕಡ್ಡಿಗೆ ಮರದ ಗೋಂದು ಹಚ್ಚಿ ತುಂಬಿ, ಮಟ್ಟಕ್ಕೆ ಕತ್ತರಿಸಿ, ಒಣಗಿದ ಮೇಲೆ ಸಣ್ಣ ತೂತು ಕೊರೆದು, ಸ್ಕ್ರೂ ಥ್ರೆಡ್ಡಿಗೆ ಮೇಣ ಸವರಿ ಹಾಕಿದ್ದು. ಬೆಲ್ಟ್ ಗುಂಡಿಗೆ ಇದು ಸಾಲದು, ಗಿಟಾರಿನ ತೂಕ ಅದರ ಮೇಲೆ ನಿಲ್ಲುತ್ತದೆ. ಅಲ್ಲಿ 6 ಮಿ.ಮೀ. ಗಟ್ಟಿಮರದ ಗೂಟ ಅಂಟಿಸಿ ಹೊಸ ತೂತು.

ಪಿಕಪ್‌ಗಳ ಅಡಿಯಲ್ಲಿ ಉದ್ದನೆಯ ಪಟ್ಟಿ ಅಯಸ್ಕಾಂತ: ಸಿರಾಮಿಕ್. ಮೇಲೆ ಕಾಣುವ ಆರು ಕಡ್ಡಿಗಳು ಬರೀ ಉಕ್ಕು. ಆಲ್ನಿಕೊ (ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಇರುವ ಮಿಶ್ರಲೋಹ) ಆದರೆ ಕಡ್ಡಿಗಳೇ ಅಯಸ್ಕಾಂತ, ಕೆಳಗೆ ಪಟ್ಟಿ ಇರುವುದಿಲ್ಲ. ಜ್ಯಾಕಿನಲ್ಲಿ ಅಳೆದ ರೋಧ 6.1, 6.1, 6.4 ಕಿಲೊಓಮ್. ಮೂರೂ ಜೀವಂತ, ಬದಲಿಸುವ ಕಾರಣವಿಲ್ಲ. ಆದರೆ ತಂತಿಗೆ ತೀರಾ ಹತ್ತಿರವಿದ್ದವು. ಕೊನೆಯ ಫ್ರೆಟ್ ಒತ್ತಿ 6ನೇ ತಂತಿಯಿಂದ 2.4, 1ನೇ ತಂತಿಯಿಂದ 2.0 ಮಿ.ಮೀ.ಗೆ ಇಳಿಸಿದಾಗ ಮೇಲಿನ ಫ್ರೆಟ್‌ಗಳಲ್ಲಿ ಕೇಳುತ್ತಿದ್ದ ತೂಗಾಡುವ ಸ್ವರ ಹೋಯಿತು.

ಪಾಟ್‌ಗಳು (ವಾಲ್ಯೂಮ್, ಟೋನ್ ತಿರುಗಿಸುವ ರೋಧಗಳು) 16 ಮಿ.ಮೀ. ಚಿಕ್ಕವು, ಮೂರರ ಮೇಲೂ ಬಿ500ಕೆ. ಬಿ ಎಂದರೆ ರೇಖೀಯ. ವಾಲ್ಯೂಮ್ 10ರಿಂದ 3ರವರೆಗೆ ತಿರುಗಿಸಿದರೂ ಹೆಚ್ಚೇನೂ ಬದಲಾಗದೆ ಕೊನೆಯಲ್ಲಿ ಥಟ್ಟನೆ ಇಳಿಯಲು ಇದೇ ಕಾರಣ. ವಾಲ್ಯೂಮಿಗೆ ಎ250ಕೆ (ಎ ಎಂದರೆ ಲಾಗರಿದಮಿಕ್) ಹಾಕಿದ್ದು ಇಡೀ ಕೆಲಸದಲ್ಲಿ ಬದಲಿಸಿದ ಒಂದೇ ವಿದ್ಯುತ್ ಭಾಗ. ಹೊಸದು ದೊಡ್ಡ ಅಳತೆಯದು, ಅದಕ್ಕೆ 9.5 ಮಿ.ಮೀ. ತೂತು ಬೇಕು, ಇದ್ದದ್ದು 8. ಡ್ರಿಲ್ ಬಿಟ್ ಹಾಕಿದಾಗ ಅದು ಪ್ಲಾಸ್ಟಿಕ್ಕನ್ನು ಕಚ್ಚಿ ಎತ್ತಿ, ತೂತಿನ ಅಂಚಿನಲ್ಲಿ 4 ಮಿ.ಮೀ. ಬಿರುಕು ಬಂತು. ರೀಮರ್ ಅಥವಾ ಗುಂಡು ಅರದಿಂದ ಕೈಯಲ್ಲಿ ಅಗಲಿಸಬೇಕಿತ್ತು. ಬಿರುಕು ನಾಬ್ ಕೆಳಗೆ ಮುಚ್ಚಿಹೋಯಿತು. ನಾಬ್ ಕೂಡ ಹಳೆಯದು ಕೂರಲಿಲ್ಲ. ಹಳೆಯ ಶಾಫ್ಟಿಗೆ 18 ಹಲ್ಲು, ಹೊಸದಕ್ಕೆ 24. ಒತ್ತಿ ಕೂರಿಸಿದರೆ ನಾಬ್ ಸೀಳುತ್ತದೆ. ಹೊಸ ನಾಬ್ ಒಂದೇ ತಂದದ್ದರಿಂದ ಅದರ ಬಿಳುಪು ಉಳಿದೆರಡಕ್ಕೆ ಹೊಂದುತ್ತಿಲ್ಲ.

ಐದು ಸ್ಥಾನದ ಸ್ವಿಚ್ ಮುಚ್ಚಿದ ಪೆಟ್ಟಿಗೆಯಂಥದ್ದು. ಸದ್ದಿಲ್ಲದೆ ಕೆಲಸ ಮಾಡುತ್ತಿದೆ, ಬಿಟ್ಟಿದೆ. ಬ್ರಿಡ್ಜಿನಿಂದ ಜ್ಯಾಕಿನ ಹೊರ ತೋಳಿಗೆ ಮಲ್ಟಿಮೀಟರ್ ಹಿಡಿದಾಗ ಸಂಪರ್ಕ ಬರುತ್ತಾ ಹೋಗುತ್ತಾ ಇತ್ತು. ಕ್ಲಾ ತಗಡಿನ ಮೇಲೆ ಬೆಸುಗೆ ಮಣಿಯಂತೆ ಕೂತಿತ್ತೇ ಹೊರತು ಹಿಡಿದಿರಲಿಲ್ಲ. ಜಾಗವನ್ನು ಉಪ್ಪುಕಾಗದದಲ್ಲಿ ಕೆರೆದು, ಫ್ಲಕ್ಸ್ ಹಚ್ಚಿ, ತಗಡನ್ನೇ ಮೊದಲು ಬಿಸಿಮಾಡಿ ಮತ್ತೆ ಬೆಸೆದ ಮೇಲೆ 0.3 ಓಮ್. ತಂತಿ ಮುಟ್ಟಿದಾಗ ಗುಂಯ್‌ಗುಡುವುದು ನಿಂತಿತು.

ಪಿಕ್‌ಗಾರ್ಡಿನ ರಕ್ಷಣಾ ಹಾಳೆ ಕಿತ್ತ ಮೇಲೆ ಬೆರಳು ಸವರಿದರೆ ಚಟಚಟ ಸದ್ದು ಕೇಳಬಹುದು. ಅದು ಸ್ಥಿರ ವಿದ್ಯುತ್ತು, ವೈರಿಂಗ್ ದೋಷವಲ್ಲ. ತುಸು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ನಿಂತಿತು.

ದಿನ 7: ಜೋಡಣೆ, ಮರು ಅಳತೆ

ಹೊಸ ತಂತಿ, ತೆಳು ತಂತಿಗಳಿಗೆ ಕಂಬದ ಸುತ್ತ ಮೂರು ಸುತ್ತು, ಎಳೆದು ಪಳಗಿಸಿದ್ದು. ಇಂಟೊನೇಷನ್: 12ನೇ ಫ್ರೆಟ್ ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ (ಅಲ್ಲೇ ತಂತಿಯನ್ನು ಒತ್ತದೆ ಮೆಲ್ಲಗೆ ತಾಗಿಸಿ ಮೀಟಿದ ಸ್ವರಕ್ಕಿಂತ) ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. 6ನೇ ತಂತಿಯ ಸ್ಯಾಡಲಿನ ಸ್ಪ್ರಿಂಗ್ ಪೂರ್ತಿ ಒತ್ತಿಹೋಗಿ ಹಿಂದಕ್ಕೆ ಜಾಗ ಸಾಲಲಿಲ್ಲ, ಸ್ಪ್ರಿಂಗನ್ನು ಎರಡು ಸುರುಳಿ ಕತ್ತರಿಸಿದ ಮೇಲೆ ಸರಿಹೋಯಿತು.

ಮರು ಅಳತೆ: ಬಾಗು 0.26, 12ನೇ ಫ್ರೆಟ್‌ನಲ್ಲಿ 2.0 ಮತ್ತು 1.6, ಮೊದಲ ಫ್ರೆಟ್ ಮೇಲೆ 0.5 ಮತ್ತು 0.4.

ಹೊಸದಾಗಿ ಹಾಕಿದ ಬಿಡಿಭಾಗಗಳು: ಒಂದು ಪಾಟ್, ಒಂದು ನಾಬ್, ಒಂದು ಸ್ಪ್ರಿಂಗ್. ತಂತಿ, ಅರಗಳು, ಗ್ಲೂ ಎಲ್ಲ ಸೇರಿಸಿದರೂ ಖರ್ಚು ಗಿಟಾರ್ ಬೆಲೆಯ ಹತ್ತರಲ್ಲೊಂದು ಪಾಲು ಮುಟ್ಟಲಿಲ್ಲ. ಸಮಯ ಸುಮಾರು 14 ಗಂಟೆ, ಅದರಲ್ಲಿ ನಾಲ್ಕು ಗಂಟೆ ಮೇಲಿನ ತಪ್ಪುಗಳನ್ನು ಸರಿಪಡಿಸಲು.

ಬಾಕಿ: ಹೊರಗಿನ ಸ್ಯಾಡಲ್‌ಗಳಿಗೆ 6 ಮಿ.ಮೀ. ಉದ್ದದ ಎಂ3 ಸ್ಕ್ರೂ ನಾಲ್ಕು. ಮೂಳೆಯ ನಟ್. ಮೂರು ವಾರದ ನಂತರ ನೆಕ್ ಬಾಗು ಮತ್ತೊಮ್ಮೆ ಅಳೆಯಬೇಕು, ಅಂಟಿಸಿದ 14ನೇ ಫ್ರೆಟ್ ಮೇಲೆ ರಾಕರ್ ಇನ್ನೊಮ್ಮೆ ಇಡಬೇಕು.